ಕಡಲಾಚೆಯ ಕೀರ್ತನೆ: ಸಿಖ್ ಗಾಯಕರ ವಿದೇಶ ಸಂಚಾರ

ಧರ್ಮವು ಒಂದೆಡೆ ನೆಲೆನಿಂತು ಬೆಳೆಯುವುದುಂಟು. ನಡೆದಾಡುತ್ತ ಬೆಳೆಯುವುದೂ ಉಂಟು. ವೀರಶೈವರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾದುದಿಲ್ಲ. ಊರಿಂದೂರಿಗೆ ಸಂಚರಿಸಿ ಭಕ್ತರ ಮನೆಬಾಗಿಲಿಗೆ ಅರಿವನ್ನು ಕೊಂಡೊಯ್ಯುವ ಜಂಗಮನಿಗೆ ಶರಣಧರ್ಮದಲ್ಲಿ ಸಲ್ಲುವ ಗೌರವ ಎಲ್ಲರಿಗೂ ತಿಳಿದುದೇ ಆಗಿದೆ. ಇಂಥದೇ ಒಂದು ಸಂಚಾರದ ಪರಂಪರೆ ಹಾಡಿನ ರೂಪದಲ್ಲಿ ಪಂಜಾಬಿನ ಸಿಖ್ ಧರ್ಮದಲ್ಲಿಯೂ ಬೆಳೆದು ಬಂದಿದೆ. ಆ ಪರಂಪರೆಯ ಗಾಯಕರು ಇಂದು ಇಂಗ್ಲೆಂಡು, ಕೆನಡ, ಅಮೆರಿಕ, ಪೂರ್ವ ಆಫ್ರಿಕ, ಮಲೇಶಿಯ, ಆಸ್ಟ್ರೇಲಿಯಗಳವರೆಗೆ ಹೋಗಿ ಗುರುವಾಣಿಯನ್ನು ಹಾಡಿ ಬರುತ್ತಾರೆ. ಈ ಸಂಚಾರದ ಸ್ವರೂಪವೇನು, ಅದರಿಂದ ಉಳಿಯುವುದೇನು, ಅಳಿಯುವ ಭಯವಿರುವುದು ಯಾವುದಕ್ಕೆ ಎಂಬುದು ವಿಚಾರಾರ್ಹವಾಗಿದೆ.

ಈ ಪರಂಪರೆಯ ಮೂಲ ಗುರುನಾನಕರಲ್ಲಿಯೇ ಇದೆ. 1469ರಲ್ಲಿ ಜನಿಸಿ 1539ರಲ್ಲಿ ಲಿಂಗೈಕ್ಯರೆನ್ನಬಹುದಾದ ರೀತಿಯಲ್ಲಿ ದೇಹವನ್ನು ಬಿಟ್ಟ ನಾನಕರು ತಮ್ಮ ಬಾಳಿನ ದೀರ್ಘಕಾಲವನ್ನು ಸಂಚಾರದಲ್ಲಿ ಕಳೆದರು. ‘ಉದಾಸಿ’ಗಳೆಂದು ಪ್ರಸಿದ್ಧವಾದ ಈ ಯಾತ್ರೆಗಳಲ್ಲಿ ಅವರ ಸಂಗಡಿಗನಾಗಿದ್ದವನು ಮರ್ದಾನಾ. ಜಾತಿಯಿಂದ ಮುಸಲ್ಮಾನ ವಾದ್ಯಗಾರ. ನುಡಿಸುತ್ತಿದ್ದುದು ರಬಾಬ್ ಎಂಬ ತಂತಿವಾದ್ಯ. ಗುರುವು ಹಾಡುವುದು, ಮರ್ದಾನಾ ನುಡಿಸುವುದು, ನೆರೆದವರು ಕೇಳುವುದು: ಉಪದೇಶವೆಂದರೆ ಇದೇ ಆಗಿತ್ತು. ಮೆಕ್ಕಾ, ಬಾಗ್ದಾದುಗಳವರೆಗೂ ಅವರು ಹೋಗಿದ್ದರೆಂದು ಸಂಪ್ರದಾಯ ಹೇಳುತ್ತದೆ. ಕನ್ನಡನಾಡಿನ ಬೀದರಿಗೂ ಅವರು ಬಂದಿದ್ದರೆಂಬ ನಂಬಿಕೆಯಿಂದ ಅಲ್ಲಿಯ ನಾನಕ ಝೀರಾ ಸಿಹಿನೀರ ಸೆಲೆಯ ಪುಣ್ಯಕ್ಷೇತ್ರವಾಗಿ ಇಂದಿಗೂ ಯಾತ್ರಿಕರನ್ನು ಸೆಳೆಯುತ್ತಿದೆ. 1699ರಲ್ಲಿ ಗುರು ಗೋವಿಂದಸಿಂಹರ ಕರೆಗೆ ತಲೆಯೊಡ್ಡಿ ನಿಂತ ‘ಪಂಚಪ್ಯಾರೆ’ಗಳಲ್ಲಿ ಒಬ್ಬನಾದ ಭಾಯಿ ಸಾಹಿಬಸಿಂಹನೂ ಬೀದರಿನವನೇ, ಕ್ಷೌರಿಕ ಕುಲದಲ್ಲಿ ಹುಟ್ಟಿದವನು. ಕಲ್ಯಾಣದ ನೆರೆಯ ನೆಲಕ್ಕೂ ಸಿಖ್ ಧರ್ಮಕ್ಕೂ ಇರುವ ಈ ನಂಟು ನೆನೆಯತಕ್ಕದ್ದು.

ಹಾಡುವುದು ಸಿಖ್ಖರಿಗೆ ಪೂಜೆಯ ಅಲಂಕಾರವಲ್ಲ, ಪೂಜೆಯೇ ಅದು. ಗುರು ಅರ್ಜುನದೇವರು 1604ರಲ್ಲಿ ಸಂಕಲನಗೊಳಿಸಿ ಅಮೃತಸರದ ಹರಿಮಂದಿರದಲ್ಲಿ ಸ್ಥಾಪಿಸಿದ ಆದಿಗ್ರಂಥದ ಬಹುಭಾಗ ರಾಗಗಳ ಕ್ರಮದಲ್ಲಿಯೇ ಜೋಡಣೆಗೊಂಡಿದೆ. ಮುಂದೆ ಒಂಬತ್ತನೆಯ ಗುರು ತೇಗಬಹಾದೂರರ ವಾಣಿಯೂ ಸೇರಿ ಪೂರ್ಣವಾದ ಗುರುಗ್ರಂಥಸಾಹೇಬದಲ್ಲಿ 1430 ಪುಟಗಳೂ 31 ಮುಖ್ಯ ರಾಗಗಳೂ ಇವೆ. ಶ್ರೀರಾಗದಿಂದ ಮೊದಲಾಗಿ ಜಯಜಯವಂತಿಯಲ್ಲಿ ರಾಗಸರಣಿ ಮುಗಿಯುತ್ತದೆ. ಸಾಮಾನ್ಯವಾಗಿ ‘ಶಬದ’ದ ತಲೆಯ ಮೇಲೆ ರಾಗದ ಹೆಸರು, ರಚಿಸಿದ ಗುರು ಎಷ್ಟನೆಯವರೆಂದು ತಿಳಿಸುವ ‘ಮಹಲಾ’ ಸಂಖ್ಯೆ, ಹಾಡುವ ಬಗೆಯನ್ನು ಸೂಚಿಸುವ ‘ಘರ್’ ಸಂಖ್ಯೆ ಇರುತ್ತವೆ. ‘ರಹಾವು’ ಎಂದು ಗುರುತಾದ ಸಾಲಿನಲ್ಲಿ ಪದದ ತಿರುಳು ಅಡಗಿರುತ್ತದೆ. ಗಾಯಕನು ಪಲ್ಲವಿಯಂತೆ ಮತ್ತೆ ಮತ್ತೆ ಆ ಸಾಲಿಗೇ ಹಿಂದಿರುಗಬೇಕು.

ವಚನಸಾಹಿತ್ಯದ ಅಭ್ಯಾಸಿಗಳಿಗೆ ಇಲ್ಲಿ ಒಂದು ಸ್ವಾರಸ್ಯವಿದೆ. ಶರಣರಲ್ಲಿ ಒಬ್ಬೊಬ್ಬರಿಗೂ ಒಂದೊಂದು ಅಂಕಿತ. ಅಂಕಿತದಿಂದಲೇ ಕರ್ತೃವನ್ನು ಗುರುತಿಸುತ್ತೇವೆ. ಗ್ರಂಥದಲ್ಲಿ ವಾಣಿಯಿರುವ ಸಿಖ್ ಗುರುಗಳಾದರೋ ಎಲ್ಲರೂ ‘ನಾನಕ’ ಎಂಬ ಒಂದೇ ಅಂಕಿತದಲ್ಲಿ ಹಾಡಿದರು. ದೇಹಗಳು ಬೇರೆ, ಒಳಗಿನ ಜ್ಯೋತಿ ಒಂದೇ ಎಂಬುದು ಇದರ ಅಭಿಪ್ರಾಯ. ಕಬೀರ, ನಾಮದೇವ, ರವಿದಾಸ, ಶೇಖ್ ಫರೀದ ಮುಂತಾದ ಸಂತರ ವಾಣಿಗೂ ಅದೇ ಗ್ರಂಥದಲ್ಲಿ ಸಮಾನ ಸ್ಥಾನ ದೊರೆತಿದೆ. ನೇಯ್ಗೆಯವನ, ಚಮ್ಮಾರನ ಮಾತು ಗುರುವಿನ ಮಾತಿನ ಪಕ್ಕದಲ್ಲಿ ಕುಳಿತ ಈ ಗ್ರಂಥಕ್ಕೆ ತಲೆಬಾಗುವಾಗ ಅನುಭವಮಂಟಪದ ನೆನಪು ಬಾರದಿರದು.

ಈ ವಾಣಿಯನ್ನು ಹಾಡುವವರಲ್ಲಿ ಮೂರು ವರ್ಗಗಳಿವೆ. ಮರ್ದಾನನ ಪರಂಪರೆಯ ಮುಸಲ್ಮಾನ ಗಾಯಕರು ರಬಾಬಿಗಳು. ಸಾರಂಗಿ ಮತ್ತು ಢಡ್ ಎಂಬ ಸಣ್ಣ ಚರ್ಮವಾದ್ಯದೊಡನೆ ವೀರಗಾಥೆಗಳನ್ನು ಹಾಡುವವರು ಢಾಡಿಗಳು. ರಾಗಬದ್ಧವಾಗಿ ಶಬದಗಳನ್ನು ಹಾಡುವ ಸಿಖ್ಖರು ರಾಗಿಗಳು. ಕನ್ನಡಿಗರಿಗೆ ಈ ಪದ ಮೊದಲು ಧಾನ್ಯವನ್ನೇ ನೆನಪಿಸಿದರೂ ರಾಗಬಲ್ಲವನೆಂಬುದೇ ಅದರ ಅರ್ಥ. ವಿದೇಶಕ್ಕೆ ಹೋಗುವ ‘ಜಥಾ’ ಅಥವಾ ತಂಡದಲ್ಲಿ ಸಾಮಾನ್ಯವಾಗಿ ಮೂವರಿರುತ್ತಾರೆ: ಹಾರ್ಮೋನಿಯಂ ಹಿಡಿದು ಹಾಡುವವರಿಬ್ಬರು, ತಬಲಾ ನುಡಿಸುವವನೊಬ್ಬ.

ಇಂಥ ಗಾಯಕರನ್ನು ಕರೆಸಿಕೊಳ್ಳುವ ಸಮಾಜಗಳು ಕಡಲಾಚೆ ಹುಟ್ಟಿದ ಕಥೆ ದುಡಿಮೆಯ ಕಥೆಯೇ ಆಗಿದೆ. 1896ರಲ್ಲಿ ಮೊಂಬಾಸದಿಂದ ರೈಲುಹಾದಿ ಹಾಕುವ ಕೆಲಸ ಮೊದಲಾದಾಗ ಪಂಜಾಬಿನ ಬಡಗಿಗಳೂ ಕಮ್ಮಾರರೂ ಆಫ್ರಿಕಕ್ಕೆ ಹೋದರು. ಮರದ ಕಾರ್ಖಾನೆ ಮತ್ತು ಹೊಲಗಳ ದುಡಿಮೆಗಾಗಿ ಕೆಲವರು ಕೆನಡ, ಕ್ಯಾಲಿಫೋರ್ನಿಯಗಳನ್ನು ಸೇರಿದರು. ವ್ಯಾಂಕೂವರಿನಲ್ಲಿ 1908ರಲ್ಲಿ, ಲಂಡನ್ನಿನಲ್ಲಿ 1911ರಲ್ಲಿ, ಕ್ಯಾಲಿಫೋರ್ನಿಯದ ಸ್ಟಾಕ್ಟನ್ನಿನಲ್ಲಿ 1912ರಲ್ಲಿ ಗುರುದ್ವಾರಗಳಾದವು. ಅವರ ಬಾಳು ಸುಖದ್ದಾಗಿರಲಿಲ್ಲ. 1914ರಲ್ಲಿ ಕೊಮಗಾಟ ಮಾರು ಹಡಗಿನಲ್ಲಿ ಹೋದ 376 ಮಂದಿಯಲ್ಲಿ ಬಹುಪಾಲು ಸಿಖ್ಖರು. ಎರಡು ತಿಂಗಳು ವ್ಯಾಂಕೂವರಿನ ಬಂದರಿನಲ್ಲಿ ಕಾದು, ಕೆಲವರ ಹೊರತು ಉಳಿದವರೆಲ್ಲ ಹಿಂದಿರುಗಬೇಕಾಯಿತು. ಆ ದಿನಗಳಲ್ಲಿ ದೂರದಿಂದ ಗಾಯಕರು ಬರುವ ಮಾತೆಲ್ಲಿಯದು? ಹಗಲೆಲ್ಲ ದುಡಿದ ಕೈಗಳೇ ಸಂಜೆ ತಬಲಾ ಹಿಡಿಯುತ್ತಿದ್ದವು. ವಿಮಾನಯಾನ ಸುಲಭವಾದ ಮೇಲೆ, ವಲಸೆ ಬಂದವರ ಸಂಖ್ಯೆಯೂ ಅನುಕೂಲವೂ ಬೆಳೆದ ಮೇಲೆ, ಪಂಜಾಬಿನಿಂದ ಜಥಾಗಳನ್ನು ಕರೆಸುವ ವಾಡಿಕೆ ಬಲವಾಯಿತು.

ಹೊರನಾಡಿನ ಗುರುದ್ವಾರದಲ್ಲಿ ಹಾಡುವುದು ಕಚೇರಿ ಮಾಡುವುದಲ್ಲ. ಗಾಯಕನು ಗುರುಗ್ರಂಥಸಾಹೇಬದ ಸನ್ನಿಧಿಯಲ್ಲಿ, ಅದಕ್ಕಿಂತ ತಗ್ಗಾದ ಪೀಠದಲ್ಲಿ ಕುಳಿತಿರುತ್ತಾನೆ. ಕೇಳುವವರು ತಲೆಗೆ ವಸ್ತ್ರ ಸುತ್ತಿ, ಪಾದರಕ್ಷೆ ಬಿಟ್ಟು ನೆಲದ ಮೇಲೆ ಕೂಡುತ್ತಾರೆ. ಹಾಡು ಎಷ್ಟೇ ಸೊಗಸಾಗಿರಲಿ, ಚಪ್ಪಾಳೆಯಿಲ್ಲ. ಕೊನೆಗೆ ಅರದಾಸ್ ಎಂಬ ಪ್ರಾರ್ಥನೆ, ಗ್ರಂಥದಿಂದ ಆ ದಿನದ ಆದೇಶವಾಣಿ, ಪ್ರಸಾದ, ಅನಂತರ ಲಂಗರಿನಲ್ಲಿ ಎಲ್ಲರಿಗೂ ಒಂದೇ ಪಂಕ್ತಿಯ ಊಟ. ದಾಸೋಹವನ್ನು ಬಲ್ಲವರಿಗೆ ಇದು ಹೊಸದಲ್ಲ. ಸಭಾಭವನದ ರಂಗದ ಮೇಲೆ, ಟಿಕೇಟು ಕೊಂಡು ಬಂದ ಶ್ರೋತೃಗಳೆದುರು ಅದೇ ಶಬದವನ್ನು ಹಾಡಿದಾಗ ಸ್ವರ ಅದೇ ಇದ್ದರೂ ಸಂಬಂಧ ಬೇರೆಯಾಗುತ್ತದೆ. ಅಲ್ಲಿ ಗಾಯಕನು ನಡುವೆ. ಇಲ್ಲಿ ಗುರುವಾಣಿ ನಡುವೆ.

ದೇಶ ಬದಲಾದಂತೆ ಕಾಲದ ನಿಯಮವೂ ಸಡಿಲುತ್ತದೆ. ಬೆಳಗಿನ ಜಾವಕ್ಕೆ ಸಲ್ಲುವ ‘ಆಸಾ ದಿ ವಾರ್’ ಕೆಲಸದ ದಿನಗಳಲ್ಲಿ ಕೆಲವರಿಗಷ್ಟೇ ದೊರೆಯುತ್ತದೆ. ಭಾನುವಾರವೇ ದೊಡ್ಡ ಸಂಗತ್ತಿನ ದಿನ. ಪಂಜಾಬಿನಲ್ಲಿ ಸಾಸಿವೆಯ ಹೊಲ ಹಳದಿಯಾದಾಗ ಹಾಡುವ ವಸಂತರಾಗವನ್ನು ಕೆನಡದ ಒಳನಾಡಿನಲ್ಲಿ ಹಿಮದ ನಡುವೆ ಹಾಡಬೇಕಾಗುತ್ತದೆ. ಇವು ಸಹಿಸಬಹುದಾದ ವ್ಯತ್ಯಾಸಗಳು. ಹೆಚ್ಚು ಗಂಭೀರವಾದುದು ಭಾಷೆಯ ಪ್ರಶ್ನೆ. ಅಲ್ಲಿಯೇ ಹುಟ್ಟಿ ಬೆಳೆದ ಮಕ್ಕಳಿಗೆ ಮನೆಯ ಪಂಜಾಬಿಯೇ ಅಷ್ಟಕ್ಕಷ್ಟೆ; ಗ್ರಂಥದ ಪ್ರಾಚೀನ ನುಡಿಯಂತೂ ದೂರ. ಆದುದರಿಂದ ಅನೇಕ ಗುರುದ್ವಾರಗಳಲ್ಲಿ ಹಾಡುತ್ತಿರುವಾಗಲೇ ಅರ್ಥವನ್ನು ಇಂಗ್ಲಿಷಿನಲ್ಲಿ ಪರದೆಯ ಮೇಲೆ ತೋರಿಸುತ್ತಾರೆ. ಕೆಲವು ರಾಗಿಗಳು ಶಬದದ ನಡುವೆ ನಿಲ್ಲಿಸಿ ಬಿಡಿಸಿ ಹೇಳುತ್ತಾರೆ.

ಸಂಗೀತದ ವಿಷಯದಲ್ಲಿಯೂ ಆತಂಕಗಳಿವೆ. ಹಾರ್ಮೋನಿಯಂ ಮೂಲತಃ ಯೂರೋಪಿನ ವಾದ್ಯ. ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತಕ್ಕೆ ಬಂದು ಕೀರ್ತನೆಯಲ್ಲಿ ನೆಲೆಸಿ, ಈಗ ಸಿಖ್ ಸಂಗೀತದ ಗುರುತಾಗಿ ಮತ್ತೆ ಕಡಲು ದಾಟುತ್ತಿದೆ. ಅದರ ಸ್ಥಿರಸ್ವರಗಳಲ್ಲಿ ರಾಗದ ಸೂಕ್ಷ್ಮ ಜಾರುಗಳು ಮೂಡವು. ಹರಿಮಂದಿರದಲ್ಲಿ ಅದನ್ನು ಕ್ರಮೇಣ ಬಿಟ್ಟು ತಂತಿವಾದ್ಯಗಳನ್ನು ತರಬೇಕೆಂದು 2022ರಲ್ಲಿ ಅಕಾಲ ತಖ್ತಿನಿಂದ ಸೂಚನೆ ಹೊರಟಿತು. ಇನ್ನೊಂದು, ಜನಪ್ರಿಯತೆಯ ಸೆಳೆತ. ಕಡಿಮೆ ಹೊತ್ತಿನಲ್ಲಿ ಮೆಚ್ಚುಗೆ ಪಡೆಯುವ ಆತುರದಿಂದ ಗ್ರಂಥ ಹೇಳಿದ ರಾಗವನ್ನು ಬಿಟ್ಟು ಹಗುರವಾದ ಮಟ್ಟುಗಳನ್ನು ಹಿಡಿಯುವವರುಂಟು. ಇದಕ್ಕೆ ಪ್ರತಿಯಾಗಿ, ಭಾಯಿ ಅವತಾರಸಿಂಹ, ಭಾಯಿ ಗುರುಚರಣಸಿಂಹ ಸೋದರರು ತಮ್ಮ ಮನೆತನದಲ್ಲಿ ತಲೆಮಾರುಗಳಿಂದ ಉಳಿದ ಪ್ರಾಚೀನ ಮಟ್ಟುಗಳನ್ನು ಸ್ವರಲಿಪಿಗೊಳಿಸಿ ಪಟಿಯಾಲದ ಪಂಜಾಬಿ ವಿಶ್ವವಿದ್ಯಾಲಯದಿಂದ ಪ್ರಕಟಿಸಿದುದು ಮಹತ್ಕಾರ್ಯ. ಅಂಥ ಸಂಗ್ರಹಗಳ ಬಲದಿಂದ ವಿದೇಶದ ತರುಣರು ಕೆಲವರು ದಿಲ್‌ರುಬಾ, ತಾವೂಸ್, ರಬಾಬುಗಳನ್ನು ಮತ್ತೆ ಕೈಗೆತ್ತಿಕೊಂಡಿದ್ದಾರೆ.

ಆದರೆ ‘ವಿದೇಶ’ವೆಂಬುದು ಯಾವುದು? 1947ರವರೆಗೆ ಹರಿಮಂದಿರದಲ್ಲಿ ಮುಸಲ್ಮಾನ ರಬಾಬಿಗಳು ಹಾಡುತ್ತಿದ್ದರು. ದೇಶವಿಭಜನೆಯಾದಾಗ ಅವರು ಲಾಹೋರು ಮೊದಲಾದ ಕಡೆಗೆ ಹೋಗಬೇಕಾಯಿತು. ಅಮೃತಸರಕ್ಕೂ ಲಾಹೋರಿಗೂ ಸುಮಾರು ಐವತ್ತು ಕಿಲೋಮೀಟರು. ಆದರೂ ಒಂದೇ ವರ್ಷದಲ್ಲಿ ಅದು ಅವರಿಗೆ ಲಂಡನ್ನಿಗಿಂತ ದೂರವಾಯಿತು. ಸಂಗತ್ತಿನಲ್ಲಿ ಸಿಖ್ಖರೇ ಕೀರ್ತನೆ ಮಾಡಬೇಕೆಂಬುದು 1945ರಲ್ಲಿ ಅಂಗೀಕೃತವಾದ ಆಚಾರಸಂಹಿತೆಯ ವಿಧಿ. ಮರ್ದಾನನ ವಾರಸುದಾರರಿಗೆ ಹೀಗೆ ನೆಲವೂ ಪೀಠವೂ ಎರಡೂ ತಪ್ಪಿದವು. ಸ್ತ್ರೀಯರ ವಿಷಯವೂ ಇಂಥದೇ. ಹೊರನಾಡುಗಳ ಗುರುದ್ವಾರಗಳಲ್ಲಿ ಸ್ತ್ರೀಯರ ಜಥಾಗಳು ಹಾಡುತ್ತವೆ. ಹರಿಮಂದಿರದ ಗರ್ಭಭಾಗದಲ್ಲಿಯೂ ಅವರಿಗೆ ಅವಕಾಶ ಬೇಕೆಂದು 2019ರಲ್ಲಿ ಪಂಜಾಬಿನ ವಿಧಾನಸಭೆಯೇ ನಿರ್ಣಯ ಮಾಡಿತು. ದೂರ ಹೋದ ಸಂಪ್ರದಾಯವು ಕೆಲವೊಮ್ಮೆ ಮೂಲದ ಆಶಯಕ್ಕೆ ಹೆಚ್ಚು ಹತ್ತಿರವಾಗಿರುತ್ತದೆ.

ಭಾಯಿ ನಿರ್ಮಲಸಿಂಹ ಖಾಲ್ಸಾ ಅವರ ಬಾಳು ಈ ಎಲ್ಲ ಪ್ರಶ್ನೆಗಳ ಸಂಗಮದಂತಿದೆ. 1952ರಲ್ಲಿ ದಲಿತ ಕುಟುಂಬದಲ್ಲಿ ಹುಟ್ಟಿ, ಹರಿಮಂದಿರದ ಹಜೂರಿ ರಾಗಿಯಾಗಿ, ಗ್ರಂಥದ ಎಲ್ಲ ರಾಗಗಳನ್ನೂ ಬಲ್ಲವರೆಂದು ಹೆಸರಾಗಿ, ಅನೇಕ ದೇಶಗಳಲ್ಲಿ ಹಾಡಿ, 2009ರಲ್ಲಿ ಪದ್ಮಶ್ರೀ ಪಡೆದ ಮೊದಲ ಸಾಲಿನ ಕೀರ್ತನಕಾರರು ಅವರು. 2020ರ ಏಪ್ರಿಲ್ 2ರಂದು ಕೊರೋನಾ ಸೋಂಕಿನಿಂದ ಅಮೃತಸರದಲ್ಲಿ ತೀರಿಕೊಂಡಾಗ, ಸೋಂಕಿನ ಭಯದಿಂದ ಸಮೀಪದ ವೇರ್ಕಾದ ಸ್ಮಶಾನದಲ್ಲಿ ಅವರ ಸಂಸ್ಕಾರಕ್ಕೆ ಸ್ಥಳ ದೊರೆಯಲಿಲ್ಲ. ಬೇರೆಡೆ ಅಂತ್ಯಕ್ರಿಯೆ ನಡೆಸಬೇಕಾಯಿತು. ದೇಶದೇಶಗಳ ಜನ ಎದ್ದು ಬರಮಾಡಿಕೊಂಡ ಕಂಠಕ್ಕೆ ತನ್ನೂರ ಬಳಿಯ ಆರಡಿ ನೆಲ ಎರವಾಯಿತು. ಭಯದ ಕಾಲದಲ್ಲಿ ಹಾಡು ಎಷ್ಟರಮಟ್ಟಿಗೆ ಕೇಳಿದವರ ಒಳಗಿಳಿದಿದೆ ಎಂಬುದು ಪರೀಕ್ಷೆಗೆ ಬರುತ್ತದೆ.

ಅಮೃತಸರದ ಕೀರ್ತನೆಯನ್ನು ಇಂದು ಮನೆಯಲ್ಲಿಯೇ ಕುಳಿತು ಕೇಳಬಹುದು. ಆದರೂ ಗಾಯಕರನ್ನು ದೂರದಿಂದ ಕರೆಸುವುದು ನಿಂತಿಲ್ಲ. ಏಕೆಂದರೆ ಯಂತ್ರವು ನಾದವನ್ನು ತರಬಲ್ಲದು, ಸಂಗವನ್ನು ತರಲಾರದು. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರುಗಳಂಥವರ ಕಂಠದಿಂದ ವಚನಗಳನ್ನು ಕೇಳಿದ ಕನ್ನಡಿಗರು, ಹೊರದೇಶಗಳಲ್ಲಿ ಬಸವಜಯಂತಿಯಂದು ನೆರೆಯುವ ಶರಣಬಂಧುಗಳು, ಈ ಮಾತನ್ನು ತಮ್ಮ ಅನುಭವದಿಂದಲೇ ಒಪ್ಪಿಯಾರು. ಮಕ್ಕಳಿಗೆ ರಾಗವನ್ನಷ್ಟೇ ಕಲಿಸಿದರೆ ಸಾಲದು, ಅರ್ಥವನ್ನಷ್ಟೇ ಹೇಳಿದರೂ ಸಾಲದು. ಜೊತೆಯಲ್ಲಿ ಕುಳಿತು ಹಾಡಿ, ಜೊತೆಯಲ್ಲಿ ಉಂಡಾಗಲೇ ವಾಣಿ ಬಾಳಾಗುತ್ತದೆ. ನಾನಕರು ರಬಾಬಿನ ಸಂಗಡ ಹೊರಟ ಕಾಲಕ್ಕೂ, ಜಥಾ ವಿಮಾನವೇರುವ ಈ ಕಾಲಕ್ಕೂ ಸಲ್ಲುವ ಸತ್ಯ ಇದೇ ಆಗಿದೆ.