ಹಿಮವನ್ನು ಬೇಡುವ ಹೂವು

ಜಪಾನಿನ ತೊಯಾಮಾ ಪ್ರಾಂತದಲ್ಲಿರುವ ತೊನಾಮಿಯೆಂಬ ಪುಟ್ಟ ನಗರದ ಟ್ಯೂಲಿಪ್ ಉತ್ಸವದ ಚಿತ್ರಗಳನ್ನು ಕಂಡ ಓದುಗರೊಬ್ಬರು, ಚಳಿಗಾಲದಲ್ಲಿ ಹಿಮದಡಿ ಹುದುಗಿಹೋಗುವ ಊರಿನಲ್ಲಿ ಇಷ್ಟೊಂದು ಹೂವು ಬದುಕುವುದಾದರೂ ಹೇಗೆಂದು ಕೇಳಿದ್ದಾರೆ. ಆ ಹಿಮವಿಲ್ಲದಿದ್ದಲ್ಲಿ ಅಲ್ಲಿ ಹೂವು ಈ ವೈಭವದಿಂದ ಅರಳುತ್ತಲೇ ಇರಲಿಲ್ಲವೆಂದರೆ ಅವರಿಗೆ ಆಶ್ಚರ್ಯವಾದೀತು.

ಶರತ್ಕಾಲದಲ್ಲಿ ಟ್ಯೂಲಿಪ್ ಗೆಡ್ಡೆಯೊಂದನ್ನು ಉದ್ದಕ್ಕೆ ಸೀಳಿದರೆ, ಬಿಳಿಯ ದಪ್ಪ ಪದರಗಳ ನಡುವೆ, ಬರುವ ವಸಂತದಲ್ಲಿ ಅರಳಬೇಕಾದ ಹೂವು ಎಸಳು ಕೇಸರಗಳ ಸಹಿತ ಸೂಕ್ಷ್ಮರೂಪದಲ್ಲಿ ಆಗಲೇ ಸಿದ್ಧವಾಗಿರುವುದು ಕಾಣುತ್ತದೆ. ಬೇಸಗೆಯಲ್ಲಿ ರೂಪುಗೊಂಡ ಈ ಮೊಗ್ಗು ಮೇಲೇಳಬೇಕಾದರೆ ಗೆಡ್ಡೆಯು ಸುಮಾರು 12ರಿಂದ 16 ವಾರಗಳ ಕಾಲ 5 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನ ಶೈತ್ಯವನ್ನು ಅನುಭವಿಸಬೇಕು. ಆ ಅವಧಿಯಲ್ಲಿ ಪದರಗಳೊಳಗಿನ ಪಿಷ್ಟವು ಕ್ರಮೇಣ ಸಕ್ಕರೆಯಾಗಿ, ದಂಟಿನ ಜೀವಕೋಶಗಳಿಗೆ ನೀಳವಾಗಿ ಬೆಳೆಯುವ ಶಕ್ತಿ ಒದಗುತ್ತದೆ. ಶೈತ್ಯ ಸಾಲದೆ ಹೋಯಿತೋ, ದಂಟು ಕುಳ್ಳಾಗಿ, ಮೊಗ್ಗು ಎಲೆಗಳ ನಡುವೆಯೇ ಕಮರುತ್ತದೆ.

ಸೈಬೀರಿಯದಿಂದ ಬೀಸುವ ಶೀತಮಾರುತವು ಜಪಾನ್ ಸಮುದ್ರವನ್ನು ದಾಟುವಾಗ ಹೀರಿಕೊಂಡ ತೇವವೆಲ್ಲ, ಎದುರಿನ ಪರ್ವತಗಳಿಗೆ ತಾಗಿ, ಹಿಮವಾಗಿ ತೊಯಾಮಾದ ಮೇಲೆ ಸುರಿಯುತ್ತದೆ. ಕುರುಬರ ಕಂಬಳಿ ತಾನಾಗಿ ಕಾವನ್ನು ಕೊಡುವುದಿಲ್ಲ; ಉಣ್ಣೆಯ ಎಳೆಗಳ ನಡುವೆ ಸಿಕ್ಕಿದ ಗಾಳಿ ಹೊರಗಿನ ಚಳಿಯನ್ನು ಒಳಗೂ, ಮೈಯ ಬಿಸುಪನ್ನು ಹೊರಗೂ ಹೋಗಗೊಡದಿರುವುದರಿಂದ ಹೊದ್ದವನು ಬೆಚ್ಚಗಿರುತ್ತಾನೆ. ಹಿಮದ ಹರಳುಗಳ ನಡುವೆಯೂ ಅಂಥದೇ ಗಾಳಿ ಬಂಧಿತವಾಗಿರುವುದರಿಂದ, ಮೇಲೆ ಎಂಥ ಚಳಿ ಕೊರೆಯುತ್ತಿದ್ದರೂ ಅಡಿಯ ಮಣ್ಣು ಸೊನ್ನೆ ಡಿಗ್ರಿಗಿಂತ ತುಸುವೇ ಮೇಲೆ ನಿಂತು, ಹೆಪ್ಪುಗಟ್ಟದೆ, ಒಣಗದೆ, ಗೆಡ್ಡೆಗೆ ಬೇಕಾದ ಹದವನ್ನು ವಾರಗಟ್ಟಲೆ ಕಾಯ್ದುಕೊಡುತ್ತದೆ.

ಅಲ್ಲಿ ಟ್ಯೂಲಿಪ್ ಬೆಳೆಯನ್ನು ಪ್ರಯೋಗಶಾಲೆಯ ಪಂಡಿತನೊಬ್ಬ ಲೆಕ್ಕಹಾಕಿ ಆರಂಭಿಸಿದನೆಂದು ಭಾವಿಸಬೇಕಾಗಿಲ್ಲ. ಮಿಜುನೊ ತೊಯೊಜೊ ಎಂಬ ರೈತನು ಭತ್ತದ ಕೊಯ್ಲಿನ ಬಳಿಕ ಬರಿದಾಗುವ ಗದ್ದೆಗೆ ಎರಡನೆಯ ಬೆಳೆಯನ್ನು ಅರಸುತ್ತ, 1918ರಲ್ಲಿ ಕೆಲವೇ ಗೆಡ್ಡೆಗಳನ್ನು ನೆಟ್ಟು, ಹೂವು ಹೋದಮೇಲೆ ನೆಲದೊಳಗೆ ಉಳಿದ ಗೆಡ್ಡೆಗಳು ಚೆನ್ನಾಗಿ ಬಲಿತಿರುವುದನ್ನು ಕಂಡುಕೊಂಡನು. ಷೋ ನದಿಯ ಮೆಕ್ಕಲು ಬಯಲಿನಲ್ಲಿ ನೀರು ಸರಾಗವಾಗಿ ಬಸಿಯುವುದೂ ಅವನಿಗೆ ನೆರವಾಯಿತು. ಉತ್ಸವ ಮೊದಲಾದದ್ದು ಬಹಳ ತಡವಾಗಿ, 1952ರಲ್ಲಿ.

ಪ್ರವಾಸಿಗರ ಭಿತ್ತಿಪತ್ರಗಳು ಹೇಳದ ಸಂಗತಿಯೊಂದುಂಟು. ಗೆಡ್ಡೆಗಾಗಿ ಬೆಳೆಸುವ ಹೊಲಗಳಲ್ಲಿ, ರೋಗ ತಗುಲಿದ ಗಿಡಗಳನ್ನು ಬಣ್ಣದಿಂದಲೂ ಎಲೆಯಿಂದಲೂ ಗುರುತಿಸಿ ಕಿತ್ತ ತರುವಾಯ, ಅರಳಿದ ಹೂವುಗಳನ್ನೆಲ್ಲ ಕತ್ತರಿಸಿ ತೆಗೆದುಬಿಡುತ್ತಾರೆ. ಬೀಜಕ್ಕೆ ವ್ಯಯವಾಗಬಹುದಾಗಿದ್ದ ಆಹಾರವು ಜೂನ್ ತಿಂಗಳಲ್ಲಿ ಅಗೆಯಲಿರುವ ಗೆಡ್ಡೆಗೆ ಸೇರಲೆಂದು.