ಕಾಫಿ ತೋಟದ ವಿಜ್ಞಾನಕ್ಕೊಂದು ವಿಡಿಯೋ ಆಟ

ಮಡಿಕೇರಿ–ವಿರಾಜಪೇಟೆ ರಸ್ತೆಯ ಮೂರ್ನಾಡಿನ ಸುತ್ತಮುತ್ತ ಬಿ.ಎ., ಬಿ.ಕಾಂ. ಓದುತ್ತಿರುವ ಯುವಕ-ಯುವತಿಯರಲ್ಲಿ ಕೆಲವರು ನಾಳೆ ಕಾಫಿ ತೋಟಗಳ ಲೆಕ್ಕಪತ್ರ ನೋಡುವವರು. ಕೆಲವರು ತೋಟಗಳನ್ನೇ ನಡೆಸುವವರು. ಹತ್ತನೆಯ ತರಗತಿಯೊಂದಿಗೆ ಅವರ ವಿಜ್ಞಾನ ಪಾಠ ಬಹುಮಟ್ಟಿಗೆ ಮುಗಿದಿರುತ್ತದೆ. ತೋಟದ ಲಾಭ-ನಷ್ಟವಾದರೋ ಸಸ್ಯಶಾಸ್ತ್ರ, ಕೀಟಶಾಸ್ತ್ರಗಳನ್ನು ಅವಲಂಬಿಸಿದೆ. ಈ ಕೊರತೆಯನ್ನು ವಿಡಿಯೋ ಆಟದಿಂದ ನೀಗಬಹುದೆಂದರೆ ಹುಬ್ಬೇರಿಸುವ ಹಿರಿಯ ಸದಸ್ಯರು ಕೊಂಚ ತಾಳ್ಮೆಯಿಂದ ಓದಬೇಕೆಂದು ಕೋರಿಕೆ.

ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಜ್ಞರು 2008ರಲ್ಲಿ ‘ಫೋಲ್ಡಿಟ್’ ಎಂಬ ಆಟವನ್ನು ಹೊರತಂದರು. ಪ್ರೋಟೀನ್ ಅಣುವನ್ನು ಸರಿಯಾಗಿ ಮಡಿಚಿದಷ್ಟೂ ಅಂಕ ಹೆಚ್ಚು. ಆಟಗಾರರಲ್ಲಿ ಬಹುತೇಕರಿಗೆ ಜೀವರಸಾಯನಶಾಸ್ತ್ರದ ಗಂಧವಿರಲಿಲ್ಲ. ಆದರೂ ವಿಜ್ಞಾನಿಗಳನ್ನು ದಶಕಕ್ಕೂ ಹೆಚ್ಚು ಕಾಲ ಕಾಡಿದ್ದ ವೈರಾಣು ಕಿಣ್ವವೊಂದರ ರಚನೆ 2011ರಲ್ಲಿ ಅವರ ಮಾದರಿಗಳಿಂದಲೇ ಬಿಡಿಸಿಕೊಂಡಿತು. ಅಲ್ಲಿ ವಿಜ್ಞಾನವೇ ಆಟದ ನಿಯಮ. ಕಾರು ಓಡಿಸುತ್ತಾ ನಡುವೆ ಪ್ರಶ್ನೆ ಕೇಳುವ ಆಟಗಳು ಪ್ರಶ್ನೆಪತ್ರಿಕೆಗೆ ಬಣ್ಣ ಬಳಿದಂತಷ್ಟೇ.

ನಮಗೊಪ್ಪುವ ಆಟವನ್ನು ಕಲ್ಪಿಸಿಕೊಳ್ಳೋಣ. ಆಟಗಾರನ ಕೈಗೆ ಹತ್ತು ಎಕರೆ ತೋಟ, ಒಂದಿಷ್ಟು ಬ್ಯಾಂಕ್ ಸಾಲ. ಹಣದ ತುರ್ತಿಗೆ ಅವನು ನೆರಳಿನ ಮರಗಳನ್ನು ಕಡಿಸಿ ಮಾರುತ್ತಾನೆ, ಖಾತೆ ತುಂಬುತ್ತದೆ. ಬಿಸಿಲಿಗೆ ಬಿದ್ದ ಅರೇಬಿಕಾ ಗಿಡಗಳ ತೊಗಟೆಯ ಸಂದಿಯಲ್ಲಿ ಬಿಳಿ ಕಾಂಡಕೊರಕ ಮೊಟ್ಟೆಯಿಡುತ್ತದೆ. ಮರಿಹುಳು ಕಾಂಡದೊಳಗೇ ಕೊರೆಯುವುದರಿಂದ ಪರದೆಯ ಮೇಲೆ ಬಹುಕಾಲ ಏನೂ ಕಾಣದು. ಎಲೆ ಹಳದಿಯಾಗುವ ವೇಳೆಗೆ ತಡವಾಗಿರುತ್ತದೆ. ದುಂಬಿಗಳು ಹಾರುವುದು ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರ್ ಅವಧಿಯಲ್ಲಿ. ಅದಕ್ಕೆ ಮೊದಲೇ ರೋಗಿ ಗಿಡಗಳನ್ನು ಕಿತ್ತು ಸುಡದವನು ನೆರೆಯ ಗಿಡಗಳನ್ನೂ ಕಳೆದುಕೊಳ್ಳುತ್ತಾನೆ.

ರೊಬಸ್ಟಾ ತೋಟದವನಿಗೆ ಇನ್ನೊಂದು ಸಂಕಟ. ಫೆಬ್ರವರಿ–ಮಾರ್ಚಿಯಲ್ಲಿ ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರ್‌ಗೆ ಡೀಸೆಲ್ ಸುರಿಯಬೇಕೆ, ಕಾಯಬೇಕೆ? ರೊಬಸ್ಟಾ ಕಾಯಿ ಕಟ್ಟಲು ಪರಕೀಯ ಪರಾಗಸ್ಪರ್ಶ ಬೇಕು. ಹೂವರಳಿದ ದಿನವೇ ಮಳೆ ಹೊಯ್ದರೆ ಪರಾಗ ತೊಳೆದುಹೋಗುತ್ತದೆ. ವಾಣಿಜ್ಯ ವಿದ್ಯಾರ್ಥಿಗೆ ಇದು ಮೊದಲಿಗೆ ಆಯವ್ಯಯದ ಪ್ರಶ್ನೆ. ಉತ್ತರ ಹುಡುಕಲು ಅವನು ಜೀವಶಾಸ್ತ್ರಕ್ಕೆ ಇಳಿಯಲೇಬೇಕು.

ಆಟದೊಳಗಿನ ಅಂಕಿ-ಅಂಶಗಳು ಊಹೆಯವಾಗಿರಕೂಡದು. ತಪ್ಪು ಕಲಿಸುವ ಆಟಕ್ಕಿಂತ ಆಟವಿಲ್ಲದಿರುವುದೇ ಮೇಲು. ಕಾಫಿ ಮಂಡಳಿಯ ಬಾಳೆಹೊನ್ನೂರಿನ ಸಂಶೋಧನಾ ಸಂಸ್ಥೆ ಮತ್ತು ಚೆಟ್ಟಳ್ಳಿಯ ಉಪಕೇಂದ್ರದ ತಜ್ಞರ ಸಲಹೆ ಪಡೆಯುವುದು ಅವಶ್ಯ. ಒಂದು ಸುತ್ತು ಒಂದು ತರಗತಿಯ ಅವಧಿಯಲ್ಲೇ ಮುಗಿಯಬೇಕು. ಸೋತವನು ಏಕೆ ಸೋತನೆಂದು ಅಧ್ಯಾಪಕರು ಚರ್ಚಿಸುವ ಹೊತ್ತೇ ನಿಜವಾದ ಪಾಠ. ಮಳೆಗಾಲದಲ್ಲಿ ವಿದ್ಯುತ್ತೂ ನೆಟ್‌ವರ್ಕೂ ಕೈಕೊಡುವ ನಮ್ಮ ಜಿಲ್ಲೆಯಲ್ಲಿ ಆಟ ಸಾಧಾರಣ ಮೊಬೈಲಿನಲ್ಲಿ, ಸಂಪರ್ಕವಿಲ್ಲದೆಯೂ, ಕನ್ನಡದಲ್ಲಿ ನಡೆಯುವಂತಿರಬೇಕು.

ತಂತ್ರಜ್ಞರಿಗಾಗಿ ದೂರ ಹೋಗಬೇಕಿಲ್ಲ. ಬೆಂಗಳೂರಿನಲ್ಲಿ ‘ಧ್ರುವ ಇಂಟರ್‌ಆಕ್ಟಿವ್’ ಸಂಸ್ಥೆ 1997ರಲ್ಲೇ ಆರಂಭವಾಯಿತು. ಅನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕಾಗಿ ರಾಜ್ಯ ಸರ್ಕಾರ 2012ರಲ್ಲಿ ಪ್ರತ್ಯೇಕ ನೀತಿಯನ್ನೇ ರೂಪಿಸಿತು. ಮೊದಲ ಆವೃತ್ತಿಗೆ ಆಡಂಬರದ ಚಿತ್ರಗಳೂ ಬೇಡ. ತೋಟದ ನಕ್ಷೆ, ಕೀಟದ ಜೀವನಚಕ್ರ, ಒಂದು ಲೆಡ್ಜರ್ ಮತ್ತು ಮಳೆಯ ಲೆಕ್ಕ ಸಾಕು. ಮಳೆಯ ಲೆಕ್ಕವಂತೂ ನಮ್ಮ ಅನೇಕ ಬೆಳೆಗಾರರ ಮನೆಯ ಪುಸ್ತಕಗಳಲ್ಲಿ ವರ್ಷವರ್ಷದ್ದೂ ಬರೆದಿಟ್ಟಿದೆ. ಅವುಗಳ ಪ್ರತಿಯನ್ನು ಕಾಲೇಜುಗಳಿಗೆ ಒದಗಿಸಲು ಸದಸ್ಯರು ಒಪ್ಪಿದಲ್ಲಿ ಕೆಲಸ ಮುಂದಿನ ಹೂಮಳೆಗೆ ಮೊದಲೇ ಆರಂಭವಾಗಬಹುದು.