ನೂರಕ್ಕೆ ಎಷ್ಟು ಓಟು?



ಹೋದ ತಿಂಗಳು ಗಣಿತದ ಪಿರಿಯಡ್ಡಿನಲ್ಲಿ ಶೇಕಡಾ ಪಾಠ ನಡೆಯಿತು. ಸರ್ ಪುಸ್ತಕದ ಲೆಕ್ಕ ಬಿಟ್ಟು 2024ರ ಲೋಕಸಭಾ ಚುನಾವಣೆಯ ಲೆಕ್ಕ ಬೋರ್ಡಿನ ಮೇಲೆ ಬರೆದರು. ಇಡೀ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 71 ಮಂದಿ ಓಟು ಹಾಕಿದ್ದಾರೆ. ಮಂಡ್ಯದಲ್ಲಿ ಸುಮಾರು 82, ಚಿಕ್ಕೋಡಿಯಲ್ಲಿ ಸುಮಾರು 79, ಬೆಂಗಳೂರು ದಕ್ಷಿಣದಲ್ಲಿ ಸುಮಾರು 53. ನಮ್ಮ ರಾಯಚೂರು ಕ್ಷೇತ್ರದಲ್ಲಿ ಸುಮಾರು 65. ಅದನ್ನು ನೋಡಿ ಹಿಂದಿನ ಸಾಲಿನವರು "ನಮ್ಮ ಮಂದಿಗೆ ಓಟಿನ ಕಿಮ್ಮತ್ತೇ ಗೊತ್ತಿಲ್ಲ" ಅಂದರು. ಆ ಮಾತು ನನಗೆ ಸರಿ ಕಾಣಲಿಲ್ಲ. ಈ 65 ಅನ್ನುವ ಸಂಖ್ಯೆ ಹೇಗೆ ಬರುತ್ತದೆ, ಅದರಲ್ಲಿ ಯಾರು ಸೇರುತ್ತಾರೆ, ಯಾರು ಸೇರುವುದಿಲ್ಲ ಅಂತ ನಾನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಬೂತಿನ ಒಳಗೆ ಏನು ನಡೆಯುತ್ತದೆ ನೋಡೋಣ. ನಮ್ಮ ಊರಿನ ಬೂತು ಅಂದರೆ ನಾವು ಈಗ ಕೂತಿರುವ ಏಳನೇ ತರಗತಿ ಕೋಣೆಯೇ. ಹಿಂದಿನ ದಿನ ಸಂಜೆಯೇ ಸಿಬ್ಬಂದಿಯವರು ಮಷೀನು ತಗೊಂಡು ಬಸ್ಸಿನಲ್ಲಿ ಬಂದು ಇಲ್ಲೇ ಮಲಗುತ್ತಾರೆ. ಬೆಳಿಗ್ಗೆ ಓಟು ಶುರುವಾಗುವ ಒಂದೂವರೆ ತಾಸು ಮೊದಲೇ ಏಜೆಂಟರ ಎದುರಿಗೆ ಕನಿಷ್ಠ 50 ಓಟು ಸುಮ್ಮನೆ ಹಾಕಿ ಮಷೀನು ಪರೀಕ್ಷೆ ಮಾಡುತ್ತಾರೆ. ಇದಕ್ಕೆ ಅಣಕು ಮತದಾನ ಅನ್ನುತ್ತಾರೆ. ಆಮೇಲೆ ಆ ಓಟುಗಳನ್ನು ಅಳಿಸಿ, ಮಷೀನು ಸೀಲು ಮಾಡಿ, ಏಳು ಗಂಟೆಗೆ ನಿಜವಾದ ಓಟು ಶುರು. ನಮ್ಮ ಕನ್ನಡದ ಸರ್ ಬೇರೆ ತಾಲ್ಲೂಕಿನಲ್ಲಿ ಡ್ಯೂಟಿ ಮಾಡಿ ಬಂದವರು. "ಅಳಿಸೋದು ಮರೆತರೆ ಮುಗೀತು, ರಾತ್ರಿ ನಿದ್ದಿ ಬರಂಗಿಲ್ಲ" ಅಂತ ಅವರು ನಗುತ್ತಾ ಹೇಳಿದರು.

ಒಳಗೆ ಹೋದವರ ಹೆಸರನ್ನು ಮೊದಲನೇ ಅಧಿಕಾರಿ ಪಟ್ಟಿಯಲ್ಲಿ ಹುಡುಕಿ ಜೋರಾಗಿ ಓದುತ್ತಾರೆ. ಜೋರಾಗಿ ಯಾಕೆ ಅಂದರೆ ಏಜೆಂಟರಿಗೆ ಕೇಳಬೇಕು. ಬೇರೆಯವರ ಹೆಸರಿನಲ್ಲಿ ಬಂದಿದ್ದರೆ ಅವರು ಅಲ್ಲೇ ತಡೆಯಬಹುದು. ಎರಡನೆಯವರು ಎಡಗೈ ತೋರುಬೆರಳಿಗೆ ಶಾಯಿ ಹಚ್ಚಿ, ರಿಜಿಸ್ಟರಿನಲ್ಲಿ ಸಹಿ ಅಥವಾ ಹೆಬ್ಬೆಟ್ಟು ತಗೊಂಡು ಚೀಟಿ ಕೊಡುತ್ತಾರೆ. ಮೂರನೆಯವರು ಚೀಟಿ ಇಸಗೊಂಡು ಗುಂಡಿ ಒತ್ತಿದರೆ ಆಗ ಮರೆಯಲ್ಲಿರುವ ಮಷೀನು ಒಂದು ಓಟಿಗೆ ತಯಾರಾಗುತ್ತದೆ. ನಮಗೆ ಬೇಕಾದವರ ಮುಂದಿನ ಗುಂಡಿ ಒತ್ತಿದರೆ ಪಕ್ಕದ ವಿವಿಪ್ಯಾಟ್ ಪೆಟ್ಟಿಗೆಯಲ್ಲಿ ಚೀಟಿ ಏಳು ಸೆಕೆಂಡು ಕಾಣಿಸಿ ಕೆಳಗೆ ಬೀಳುತ್ತದೆ. ಕುಂಯ್ ಅಂತ ಉದ್ದ ಸಪ್ಪಳ ಬರುತ್ತದೆ. ಅದು ಹೊರಗೆ ಸಾಲಿನಲ್ಲಿ ನಿಂತವರಿಗೂ ಕೇಳಿಸುತ್ತದೆ.

ಆ ಶಾಯಿ ನಮ್ಮ ಮೈಸೂರಿನದು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಬಣ್ಣದ ಕಾರ್ಖಾನೆ 1962ರ ಚುನಾವಣೆಯಿಂದ ಇಡೀ ದೇಶಕ್ಕೆ ಶಾಯಿ ಮಾಡಿ ಕಳಿಸುತ್ತಿದೆ. ಅದರಲ್ಲಿ ಸಿಲ್ವರ್ ನೈಟ್ರೇಟ್ ಇದೆ. ಬೆಳಕು ಬಿದ್ದ ಹಾಗೆ ಕಪ್ಪಾಗುತ್ತದೆ, ಸೋಪು ಹಚ್ಚಿ ಎಷ್ಟು ತಿಕ್ಕಿದರೂ ಹೋಗುವುದಿಲ್ಲ.

ನಮ್ಮ ಆಯಿಗೆ ಕಣ್ಣು ಕಾಣುವುದಿಲ್ಲ. ನಾನೇ ಕೈ ಹಿಡಿದು ಕರಕೊಂಡು ಹೋಗುತ್ತೇನೆ ಅಂದೆ. ಆದರೆ ಕಣ್ಣು ಕಾಣದವರ ಜೊತೆ ಓಟು ಹಾಕಲು ಹೋಗುವವರಿಗೆ 18 ವರ್ಷ ತುಂಬಿರಬೇಕಂತೆ. ಒಬ್ಬರು ಒಬ್ಬರಿಗೆ ಮಾತ್ರ ಸಹಾಯ ಮಾಡಬಹುದು. ಅದಕ್ಕೆ ಗುರುತು ಅಂತ ಅವರ ಬಲಗೈ ಬೆರಳಿಗೂ ಶಾಯಿ ಹಚ್ಚುತ್ತಾರೆ. ಆದ್ದರಿಂದ ನಮ್ಮ ಅವ್ವ ಹೋದಳು. ಹೊರಗೆ ಬಂದಾಗ ಅವಳ ಎರಡೂ ಕೈಗೆ ಶಾಯಿ ಇತ್ತು. ಅಕ್ಕಪಕ್ಕದವರು "ಎರಡು ಓಟು ಹಾಕಿದೇನ ಬೇ" ಅಂತ ನಕ್ಕರು.

ಇನ್ನು ಲೆಕ್ಕಕ್ಕೆ ಬರೋಣ. ಎರಡೆರಡು ತಾಸಿಗೆ ಒಮ್ಮೆ, ಗಂಡಸರು ಎಷ್ಟು, ಹೆಂಗಸರು ಎಷ್ಟು ಅಂತ ಬೂತಿನಿಂದ ಮೇಲೆ ವರದಿ ಹೋಗುತ್ತದೆ. ಸಂಜೆ ಆರಕ್ಕೆ ಸಾಲಿನಲ್ಲಿ ಯಾರಾದರೂ ನಿಂತಿದ್ದರೆ ಅವರನ್ನು ವಾಪಸ್ ಕಳಿಸುವುದಿಲ್ಲ, ಚೀಟಿ ಕೊಡುತ್ತಾರೆ. ಆ ಚೀಟಿಯನ್ನು ಸಾಲಿನ ಕೊನೆಯವರಿಂದ ಶುರುಮಾಡಿ ಮುಂದಕ್ಕೆ ಕೊಡುತ್ತಾ ಬರುತ್ತಾರೆ. ಹೀಗೆ ಮಾಡಿದರೆ ಆರು ಗಂಟೆಯ ಮೇಲೆ ಬಂದವರು ಹಿಂದೆ ಸೇರಲಿಕ್ಕೆ ಆಗುವುದಿಲ್ಲ. ಇದು ನನಗೆ ಬಹಳ ಇಷ್ಟವಾದ ಉಪಾಯ. ಎಲ್ಲಾ ಮುಗಿದ ಮೇಲೆ 17ಸಿ ಎಂಬ ಫಾರಂನಲ್ಲಿ ಒಟ್ಟು ಓಟು ಬರೆದು ಏಜೆಂಟರಿಗೂ ಒಂದೊಂದು ಪ್ರತಿ ಕೊಡುತ್ತಾರೆ. ಆ ಒಟ್ಟು ಓಟನ್ನು ನೂರರಿಂದ ಗುಣಿಸಿ, ಪಟ್ಟಿಯಲ್ಲಿರುವ ಹೆಸರುಗಳಿಂದ ಭಾಗಿಸಿದರೆ ಶೇಕಡಾ ಬಂತು.

ಇಲ್ಲಿ ಗಮನಿಸಿರಿ. ಭಾಗಿಸುವುದು ಪಟ್ಟಿಯಲ್ಲಿರುವ ಹೆಸರಿನಿಂದ, ಊರಲ್ಲಿರುವ ಮಂದಿಯಿಂದ ಅಲ್ಲ. ಒಂದು ಬೂತಿನಲ್ಲಿ 1000 ಹೆಸರು ಇವೆ ಅಂತ ಇಟ್ಟುಕೊಳ್ಳಿ. ಅದರಲ್ಲಿ 300 ಮಂದಿ ಗುಳೇ ಹೋಗಿದ್ದಾರೆ. ಉಳಿದ 700 ಮಂದಿ ಒಬ್ಬರೂ ಬಿಡದೆ ಓಟು ಹಾಕಿದರೂ ಶೇಕಡಾ 70 ಆಯಿತು. (ಇದು ತಿಳಿಯಲಿಕ್ಕೆ ಮಾಡಿದ ಲೆಕ್ಕ, ನಮ್ಮೂರಿನದಲ್ಲ.) ಊರಲ್ಲಿದ್ದವರು ಎಲ್ಲಾ ಬಂದಿದ್ದಾರೆ, ಆದರೂ ನೋಡಿದವರು ಊರಿನವರು ಸೋಮಾರಿಗಳು ಅನ್ನುತ್ತಾರೆ.

ನಮ್ಮ ಕಡೆ ಗುಳೇ ಅಂದರೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ. ನಮ್ಮ ತರಗತಿಯಲ್ಲೇ ಎಷ್ಟು ಜಾಗ ಖಾಲಿ ಇವೆ ನೋಡಿರಿ. ಸುಗ್ಗಿ ಮುಗಿದ ಮೇಲೆ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋದವರು ಮಳೆ ಬಿದ್ದ ಮೇಲೆ ವಾಪಸ್ ಬರುತ್ತಾರೆ. ಓಟು ಬಂದದ್ದು ಆ ನಡುವೆ. ಅದರಲ್ಲೂ ಕರ್ನಾಟಕದ 28 ಕ್ಷೇತ್ರಗಳಲ್ಲಿ 14ಕ್ಕೆ ಏಪ್ರಿಲ್ 26ರಂದು, ಉಳಿದ 14ಕ್ಕೆ ಮೇ 7ರಂದು ಓಟು ಇತ್ತು. ಬೆಂಗಳೂರಿನದು ಏಪ್ರಿಲ್‌ನಲ್ಲೇ ಮುಗಿಯಿತು, ನಮ್ಮದು ಮೇ 7ಕ್ಕೆ. ಅಂದರೆ ಬೆಂಗಳೂರಿಗೆ ರಜೆ ಇದ್ದ ದಿನ ನಮ್ಮವರಿಗೆ ಓಟಿಲ್ಲ. ನಮ್ಮವರಿಗೆ ಓಟಿದ್ದ ದಿನ ಅಲ್ಲಿ ಕೆಲಸ ನಡೆದಿತ್ತು. ಓಟಿನ ದಿನ ದಿನಗೂಲಿಯವರಿಗೂ ಸಂಬಳ ಸಹಿತ ರಜೆ ಕೊಡಬೇಕು ಅಂತ ಕಾನೂನು ಇದೆ, ಬೇರೆ ಊರಿನಲ್ಲಿ ದುಡಿಯುವವರಿಗೂ ಇದೆ ಅಂತ ಸಮಾಜದ ಟೀಚರ್ ಹೇಳಿದರು. ನಮ್ಮ ಕಾಕಾನಿಗೆ ಇದನ್ನು ಹೇಳಿದರೆ "ಮೇಸ್ತ್ರಿಗೆ ಓದಿ ಹೇಳು ಹೋಗು" ಅಂದ.

ನಮ್ಮ ಕಾಕಾ ಮತ್ತು ಚಿಗವ್ವ ಇಬ್ಬರೂ ಆ ಸಲ ಬಂದಿದ್ದರು. ಓಟು ಹಾಕಿದ ಶಾಯಿ ತೋರಿಸಿದರೆ ಎರಡು ದಿನದ ಪಗಾರ ಹಿಡಿಯುವುದಿಲ್ಲ ಅಂತ ಮೇಸ್ತ್ರಿ ಮಾತು ಕೊಟ್ಟಿದ್ದನಂತೆ. ಕೂಸನ್ನು ತೊಡೆ ಮೇಲೆ ಹಾಕಿಕೊಂಡು ರಾತ್ರಿಯೆಲ್ಲಾ ಬಸ್ಸಿನಲ್ಲಿ ಕೂತು ಬಂದರು. ಬೆಳಿಗ್ಗೆ ಸಾಲಿನಲ್ಲಿ ನಿಂತರು. ಕಾಕಾನ ಹೆಸರು ಸಿಕ್ಕಿತು. ಚಿಗವ್ವನ ಹೆಸರು ಪಟ್ಟಿಯಲ್ಲಿ ಇರಲಿಲ್ಲ. 2023ರಲ್ಲಿ ಇದೇ ಕೋಣೆಯಲ್ಲಿ ಓಟು ಹಾಕಿದ್ದಳು. ಕೈಯಲ್ಲಿ ಗುರುತಿನ ಚೀಟಿ ಇತ್ತು. "ಚೀಟಿ ಇದ್ರ ಸಾಲಂಗಿಲ್ಲ ತಂಗಿ, ಪಟ್ಟಿಯಾಗ ಹೆಸರಿರಬೇಕು" ಅಂದರು. ಅದು ನಿಯಮವೇ, ಅವರ ತಪ್ಪಲ್ಲ. ನಾಮಪತ್ರದ ಕೊನೆಯ ದಿನ ದಾಟಿದ ಮೇಲೆ ಪಟ್ಟಿಗೆ ಯಾರನ್ನೂ ಸೇರಿಸಲಿಕ್ಕೂ ಬರುವುದಿಲ್ಲ. ಮನೆ ಬೀಗ ಹಾಕಿದ್ದು ನೋಡಿ ಊರು ಬಿಟ್ಟಿದ್ದಾರೆ ಅಂತ ಯಾರೋ ಹೆಸರು ತೆಗೆಸಿರಬೇಕು ಅಂತ ಕೆಲವರು ಅಂದರು. ಆದರೆ ಸ್ವಲ್ಪ ದಿನ ದುಡಿಯಲು ಹೋದರೆ ಆ ಊರಿನ ವಾಸ ತಪ್ಪಿಹೋಗುವುದಿಲ್ಲ ಅಂತ ಕಾನೂನಿನಲ್ಲೇ ಇದೆ.

ಅದೇ ಪಟ್ಟಿಯಲ್ಲಿ ನಮ್ಮ ಮುತ್ಯಾನ ಹೆಸರು ಫೋಟೋ ಸಮೇತ ಇತ್ತು! ಮುತ್ಯಾ ತೀರಿಕೊಂಡು ಆಗ ಎರಡು ವರ್ಷ ಆಗಿತ್ತು. ಈಗ ಶೇಕಡಾ ಲೆಕ್ಕ ಮಾಡಿರಿ. ಮುತ್ಯಾ ಓಟು ಹಾಕದವರ ಲೆಕ್ಕದಲ್ಲಿ ಬಂದ. ಚಿಗವ್ವ ಹಾಕಿದವರಲ್ಲೂ ಇಲ್ಲ, ಹಾಕದವರಲ್ಲೂ ಇಲ್ಲ. ಅಷ್ಟು ದೂರದಿಂದ ಬಂದವಳು ಲೆಕ್ಕಕ್ಕೇ ಸಿಗಲಿಲ್ಲ. ಎಲ್ಲಾ ಊರಲ್ಲೂ ಹೀಗೇ ಆಗಿದೆ ಅಂತ ನಾನು ಹೇಳುವುದಿಲ್ಲ. ಬೆಂಗಳೂರಿನ 53ಕ್ಕೆ ಬೇರೆ ಕಾರಣ ಇರಬಹುದು. ಆದರೆ ಸಂಖ್ಯೆ ನೋಡಿದ ಕೂಡಲೇ ಜನ ಹೀಗೆ ಅಂತ ಹೇಳಬಾರದು, ಪಟ್ಟಿ ಹೇಗಿದೆ ಅಂತ ಮೊದಲು ಕೇಳಬೇಕು.

ವಾಪಸ್ ಹೋದ ಮೇಲೆ ಕಾಕಾ ಬೆರಳು ತೋರಿಸಿದ. ಚಿಗವ್ವನ ಎರಡು ದಿನದ ಪಗಾರ ಹಿಡಿದರು.

ಹೆಸರು ಸೇರಿಸಲು ಫಾರಂ 6, ತೆಗೆಯಲು ಫಾರಂ 7, ತಿದ್ದಲು ಅಥವಾ ಊರು ಬದಲಿಸಲು ಫಾರಂ 8. ಮೊದಲು ಜನವರಿ 1ಕ್ಕೆ 18 ವರ್ಷ ತುಂಬಿದವರು ಮಾತ್ರ ಹೊಸದಾಗಿ ಸೇರಬಹುದಿತ್ತು. 2022ರಿಂದ ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಖಿಗೆ ತುಂಬಿದರೂ ನಡೆಯುತ್ತದೆ. 17 ವರ್ಷ ಆದ ಕೂಡಲೇ ಮುಂಚಿತವಾಗಿ ಅರ್ಜಿ ಕೊಡಬಹುದು. ನಿಮ್ಮ ಮನೆಯಲ್ಲಿ ಗುಳೇ ಹೋದವರು ಇದ್ದರೆ ಅವರ ಹೆಸರು ನೀವೇ ನೋಡಿ ಬರಬಹುದು. ನಮ್ಮೂರಿನ ಪಟ್ಟಿ ಅಂಗನವಾಡಿ ಟೀಚರ್ ಹತ್ತಿರ ಇದೆ, ಕೇಳಿದರೆ ತೋರಿಸುತ್ತಾರೆ. 1950 ನಂಬರಿಗೆ ಫೋನು ಮಾಡಿದರೂ ಹೇಳುತ್ತಾರೆ.

ಚಿಗವ್ವನ ಫಾರಂ 6 ನಾನೇ ತುಂಬಿದೆ, ಈಗ ಅವಳ ಹೆಸರು ಬಂದಿದೆ. ಮುತ್ಯಾನ ಹೆಸರಿಗೆ ಫಾರಂ 7 ಕೂಡ ತುಂಬಿ ಇಟ್ಟಿದ್ದೇನೆ. ಆಯಿ ಇನ್ನೂ ಹೆಬ್ಬೆಟ್ಟು ಒತ್ತಿಲ್ಲ. "ಇರಲಿ ತಗೋ, ಅಲ್ಲ್ಯಾದ್ರೂ ಇರಲಿ" ಅನ್ನುತ್ತಾಳೆ.

— 7ನೇ ತರಗತಿ